ಒಂದೇ ಏಟು

ಗಂಡುಹುಡುಗನ ಮೇಲೆ ಕಣ್ಣಿಟ್ಟಿದ್ದರೆ ಸಾಕು ಎಂದುಕೊಂಡಿದ್ದಳು ಮುನಿರತ್ನಮ್ಮ. ಹೆಣ್ಣಾಳನ್ನು ಗಣಿಗೆ ಇಳಿಸುವುದಿಲ್ಲವಲ್ಲ. ಮಗಳು ಕದಿರಿಯ ಚಿಂತೆ ಅವಳಿಗಿರಲಿಲ್ಲ.

ಗಂಡ ವೆಂಕಟೇಶಪ್ಪ ಗಣಿಯ ಬಾಯಲ್ಲಿ ಬೆಲ್ ಹೊಡೆಯುವವನಾಗಿದ್ದ. ಆಳುಗಳು ನಿಂತು ಹೋಗುವ ಕೇಜನ್ನು ಏರಿಸಿ ಇಳಿಸುವ ಎಂಜಿನ್ನಿನವನು ದೂರದ ಕೋಣೆಯಲ್ಲಿರುತ್ತಾನೆ. ಅವನಿಗೆ ಬೆಲ್ಲೇ ಕಣ್ಣು. ಎರಡು ಏಟು ಬಿದ್ದರೆ ಇಳಿಸಬೇಕು. ಒಂದು ಬಿದ್ದರೆ, ನಿಂತಿರುವುದನ್ನು ಎತ್ತಬೇಕು, ಓಡುತ್ತಿರುವುದನ್ನು ನಿಲ್ಲಿಸಬೇಕು. ಮಕ್ಕಳಿಗೆ ಇದು ಮುದ್ದೆಯ ಜೊತೆಗೇ ಹೊಟ್ಟೆ ಸೇರಿತ್ತು. ಉಣ್ಣಲು ಕೂತ ಅಪ್ಪ ತಟ್ಟೆಯ ಅಂಚಿಗೆ ಎರಡು ಸಲ ತಟ್ಟಿದರೆ ಸಾರು ಇಳಿಯಬೇಕು, ಒಂದು ತಟ್ಟಿದರೆ ಸೌಟು ನಿಲ್ಲಬೇಕು. ತಡವಾಗಿ ತಟ್ಟೆ ತುಂಬಿದರೆ, "ಇವತ್ತು ಎಂಜಿನ್ನಮ್ಮ ನಿದ್ದೆ ಒಡೀತವ್ಳೆ ಕಣ್ಲಾ" ಎಂದು ನಗಿಸುತ್ತಿದ್ದ. ಒಂದು ದಿನ ಆಳು ಸಾಲದೆಂದು ತಾನೇ ಕೆಳಗಿಳಿದ. ಬಂಡೆ ಸಿಡಿಯಿತು, ಮತ್ತೆ ಮೇಲೆ ಬರಲಿಲ್ಲ.

ನಂದಿದುರ್ಗ ಗಣಿಯ ಲೈನು ಮನೆ ಬಿಟ್ಟು ಅವಳು ಮಕ್ಕಳೊಂದಿಗೆ ಬೂದಿಕೋಟೆಯ ಹತ್ತಿರ ಅಣ್ಣನ ಹೊಲಕ್ಕೆ ಬಂದಳು. ಇಲ್ಲಿ ರಾಗಿ, ಅವರೆ, ಎಮ್ಮೆ. ಗಣಿಯ ಸೈರನ್ನು ಇಷ್ಟು ದೂರ ಕೇಳುವುದಿಲ್ಲ. ಆದರೂ ಏನಾಗ್ತೀಯ ಎಂದು ಯಾರಾದರೂ ಕೇಳಿದರೆ ಎಂಟು ವರ್ಷದ ಕೋದಂಡ, "ಅಪ್ಪನ ಕೆಲ್ಸ" ಎನ್ನುತ್ತಿದ್ದ.

"ಇನ್ನೊಂದ್ಸಲ ಅಂದ್ರೆ ನಾಲಿಗೆ ಮೇಲೆ ಬರೆ ಆಕ್ತೀನಿ" ಎಂದಿದ್ದಳು. ಪಕ್ಕದಲ್ಲಿ ಅವರೆ ಬಿಡಿಸುತ್ತ ಕೂತಿದ್ದ ಕದಿರಿ ತಲೆ ಎತ್ತಿರಲಿಲ್ಲ.

ಆ ಮಧ್ಯಾಹ್ನ ಕಳೆ ಕೀಳುತ್ತಿದ್ದವಳಿಗೆ ಬಾವಿಯ ಕಡೆಯಿಂದ ಕಬ್ಬಿಣದ ಸದ್ದು ಕೇಳಿತು. ಎರಡು ಏಟು. ಬುಟ್ಟಿ ಬಿಟ್ಟು ಓಡಿದಳು.

ಅದು ಕಪಿಲೆ ಬಾವಿ. ಹಗ್ಗ ಕಟ್ಟಿದ ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆದರೆ ಚರ್ಮದ ಬಾನಿ ಮೇಲೆ ಬರುತ್ತದೆ, ಹಿಂದಕ್ಕೆ ನಡೆದರೆ ಇಳಿಯುತ್ತದೆ. ಎತ್ತು ಹೊಡೆಯುವವನ ಬೆನ್ನು ಬಾವಿಗೆ. ಅಣ್ಣನ ಮಗ ಮುನಿಶಾಮಿ ಎತ್ತುಗಳ ಹಿಂದೆ ಇಳಿಜಾರಿನ ಮೇಲ್ತುದಿಯಲ್ಲಿದ್ದ. ಬಾವಿಕಟ್ಟೆಯ ಹೊಂಗೆ ಮರಕ್ಕೆ ಮುರಿದ ನೇಗಿಲ ಗುಳ ನೇತುಬಿದ್ದಿತ್ತು. ಅದರ ಮುಂದೆ ಕಬ್ಬಿಣದ ಗೂಟ ಹಿಡಿದು ಕೋದಂಡ. ಅವಳು ಹತ್ತಿರವಾಗುತ್ತಿದ್ದಂತೆ ಅವನು ಒಂದು ಏಟು ಹೊಡೆದ. ಹಗ್ಗ ಮೇಲಕ್ಕೆ ಹೊರಟಿತು.

"ಲೇ ಕೋದಂಡ."

ಅವಳ ಮುಖ ಕಂಡದ್ದೇ ತಡ, ಹುಡುಗ ಗೂಟ ಬಿಸಾಕಿ ರಾಗಿಹೊಲದೊಳಕ್ಕೆ ಓಡಿದ. ಮಗ ನೆಲದ ಮೇಲಿದ್ದಾನೆ. ಅವಳಿಗೆ ಉಸಿರು ಬಂತು.

ಆಮೇಲೆ ಬಾವಿಯೊಳಗಿನಿಂದ ನಗು ಕೇಳಿಸಿತು.

ಬಗ್ಗಿ ನೋಡಿದಳು. ಬಾನಿಯೊಳಗೆ ನಿಂತು, ಎರಡು ಕೈಯಲ್ಲಿ ಹಗ್ಗ ಹಿಡಿದು, ತಲೆಗೆ ಅಪ್ಪನ ಹಾಗೆ ಟವಲು ಸುತ್ತಿಕೊಂಡು ಕದಿರಿ ಏರಿ ಬರುತ್ತಿದ್ದಳು. ಮೇಲೆ ಹಗ್ಗದ ಗಾಲಿ ತಿರುಗುತ್ತಿತ್ತು. ಬಾನಿ ಕಟ್ಟೆಯ ಮಟ್ಟಕ್ಕೆ ಬಂದಾಗ ನಿಲ್ಲಿಸದಿದ್ದರೆ ಮಗುವಿನ ತಲೆ ಗಾಲಿಗೆ ಹೋಗುತ್ತದೆ. ನಿಲ್ಲಿಸಬೇಕಾದವನು ರಾಗಿಯೊಳಗಿದ್ದ. ಮತ್ತೆ ಕೂಗಿದರೆ? ಎತ್ತುಗಳು ಹೊಸವು, ಬೆದರಿದರೆ ಮುಂದಕ್ಕೇ ನುಗ್ಗುವಂಥವು.

ಗೂಟ ಎತ್ತಿಕೊಂಡಳು. ಬೇಗ ಹೊಡೆದರೆ ಮಗು ನಡುವೆ ನೇತಾಡುತ್ತದೆ. ತಡವಾದರೆ.

'ಕಣ್ಣು ಅಗ್ಗದ ಮೇಲಿರ್ಬೇಕು ರತ್ನಾ, ಒಳಗಿರೋರ ಮೊಕದ ಮೇಲಲ್ಲ.' ಗಂಡ ಯಾವಾಗಲೋ ಉಣ್ಣುತ್ತ ಹೇಳಿದ್ದು. ಅವಳು ಮಗಳ ಮುಖ ಬಿಟ್ಟು ಹಗ್ಗ ನೋಡಿದಳು. ಕಟ್ಟೆಯ ಮೇಲೆ ಟವಲು ಕಂಡಿತು, ಭುಜ, ಮೊಣಕಾಲು. ಹೊಡೆದಳು.

ಹಗ್ಗ ನಿಂತಿತು. ಗಾಲಿಗೂ ಟವಲಿಗೂ ನಡುವೆ ಒಂದು ಗೇಣು.

ಗೂಟ ಇನ್ನೊಮ್ಮೆ ಗುಳಕ್ಕೆ ತಗುಲಿದರೆ ಮುನಿಶಾಮಿ ಎತ್ತುಗಳನ್ನು ಹೊಡೆಯುತ್ತಾನೆ. ಗೂಟವನ್ನು ಹೊಟ್ಟೆಗೆ ಅವುಚಿಕೊಂಡು ಒಂದೊಂದೇ ಹೆಜ್ಜೆ ಹಿಂದೆ ಸರಿದಳು. ಕದಿರಿ ಆತುರವಿಲ್ಲದೆ ಕಟ್ಟೆಯ ಕಲ್ಲಿಗೆ ಕಾಲಿಟ್ಟು ಇಳಿದಳು, ಶಿಫ್ಟು ಮುಗಿಸಿ ಬಂದವರ ಹಾಗೆ.

"ನೀನಾ ಒಡ್ದಿದ್ದು?" ಎಂದಳು. ಅವಳ ಮುಖದಲ್ಲಿ ಒಂದಿಷ್ಟೂ ಹೆದರಿಕೆಯಿರಲಿಲ್ಲ. "ಅಪ್ಪನಂಗೇ ಒಡ್ದೆ ಕಣಮ್ಮ. ಕೋದಂಡ ಪುಕ್ಲ, ಅವ್ನು ಬ್ಯಾಡ. ದೊಡ್ಡೋಳಾದ್ಮೇಲೆ ನಾನು ಗಣಿಗಿಳೀತೀನಿ, ನೀನೇ ಬೆಲ್ ಒಡಿ."

"ಎಣ್ಣಾಳ್ನ ಇಳ್ಸಾಕಿಲ್ಲ."

"ಬೆಲ್ಲಿಗೂ ಎಣ್ಣಾಳ್ನ ಬುಡಾಕಿಲ್ಲ. ನೀನೊಡೀಲಿಲ್ವಾ?"

ಇಳಿಜಾರಿನ ಕೆಳತುದಿಯಿಂದ, ಹಿಂದೆ ತಿರುಗದೆಯೇ, ಮುನಿಶಾಮಿ ಕೂಗಿದ: "ಏನ್ಲಾ ಕೋದಂಡ, ಎತ್ಲಾ, ಇಳಿಸ್ಲಾ?"

ಗೂಟವನ್ನು ಸದ್ದಾಗದಂತೆ ನೆಲಕ್ಕಿಡಬೇಕಿತ್ತು. ಅವಳ ಬೆರಳು ಬಿಡುತ್ತಿರಲಿಲ್ಲ. ಕದಿರಿ ಗುಳವನ್ನೂ ಅಮ್ಮನ ಕೈಯನ್ನೂ ನೋಡುತ್ತ ಕಾಯುತ್ತಿದ್ದಳು.