ಮಕ್ಕಳ ಪಾಲಿನ ತೂಕ

ತನ್ನ ಮಗಳು ಓದುವ, ಕಿವಿ ಮಂದವಿರುವ ಮಕ್ಕಳ ಶಾಲೆಯಿಂದಲೇ ಕಂಪನಿಗೆ ಕೆಲಸ ಬಂದಿದೆ ಎಂದು ತಿಳಿದ ದಿನ ಅವಳಿಗೆ ಸಂತೋಷಕ್ಕಿಂತ ಮೊದಲು ಭಯವಾಯಿತು. ಅವಳ ಸ್ವಭಾವವೇ ಹಾಗೆ. ಒಳ್ಳೆಯ ಸುದ್ದಿ ಬಾಗಿಲಿಗೆ ಬಂದರೂ ಅದರ ಬೆನ್ನಿಗೆ ಇನ್ನೇನು ನಿಂತಿದೆಯೋ ಎಂದು ಇಣುಕಿ ನೋಡಿದ ಮೇಲೆಯೇ ಒಳಗೆ ಕರೆಯುವವಳು.

ಅವಳ ಕಂಪನಿ ಶ್ರವಣಯಂತ್ರಗಳೊಳಗಿನ ಸಾಫ್ಟ್‌ವೇರ್ ಮಾಡುತ್ತಿತ್ತು. ಮೂಲ ಒಂದೇ, ಅದರಿಂದ ವಯಸ್ಸಾದವರಿಗೊಂದು, ಕಾರ್ಖಾನೆಯ ಗದ್ದಲದಲ್ಲಿ ದುಡಿಯುವವರಿಗೊಂದು, ಮಕ್ಕಳಿಗೊಂದು ಎಂದು ಬೇರೆ ಬೇರೆ ರೂಪ ತೆಗೆಯುತ್ತಿದ್ದರು. ಯಾವ ರೂಪದಲ್ಲಿ ಯಾವ ಸೌಲಭ್ಯ ಇರಬೇಕು ಎಂದು ನಿರ್ಧರಿಸುವುದು ಅವಳ ಕೆಲಸ. ಕೇಳಿದರೆ ಎಲ್ಲರಿಗೂ ಎಲ್ಲವೂ ಬೇಕು. ಆದರೆ ಕೆಲವು ಸೌಲಭ್ಯಗಳು ಒಂದಕ್ಕೊಂದು ಎಣ್ಣೆ ಸೀಗೆಕಾಯಿ. ಪರದೆಯ ಮೇಲೆ ಒಂದಕ್ಕೆ ಗುರುತು ಹಾಕಿದರೆ ಇನ್ನೊಂದು ಬೂದುಬಣ್ಣಕ್ಕೆ ತಿರುಗಿ ಸುಮ್ಮನಾಗಿಬಿಡುತ್ತಿತ್ತು.

ಈ ಸಲ ತಿಕ್ಕಾಟ ಬಿದ್ದದ್ದು ಬೀಗಕ್ಕೂ ಸ್ವಿಚ್ಚಿಗೂ. ಬೀಗವಿದ್ದರೆ ಯಂತ್ರವನ್ನು ಆರಿಸಲು ಮಗುವಿಗೆ ಆಗದು; ದೊಡ್ಡವರೇ ಆರಿಸಬೇಕು. ಸ್ವಿಚ್ಚಿದ್ದರೆ ಮಗು ತನಗೆ ಬೇಕಾದಾಗ ಬೆರಳಿಂದ ಒತ್ತಿ ಆರಿಸಬಹುದು, ಮತ್ತೆ ಹಚ್ಚಬಹುದು.

ಯಾರಿಗೆ ಏನು ಬೇಕೆಂದು ತಿಳಿಯಲು ಅವರದೊಂದು ಪದ್ಧತಿಯಿತ್ತು. ಎಲ್ಲರ ಕೈಗೂ ಒಂದೊಂದು ಹಿಡಿ ಮಣಿ ಕೊಟ್ಟು, ಸೌಲಭ್ಯಕ್ಕೊಂದರಂತೆ ಇಟ್ಟ ಬಟ್ಟಲುಗಳಿಗೆ ಹಾಕಿಸುವುದು. ಆಮೇಲೆ ಯಾರ ಮಾತಿಗೆ ಎಷ್ಟು ತೂಕವೆಂದು ಗೊತ್ತುಮಾಡಿ ಗುಣಿಸುವುದು. ತೂಕ ಇಡುವವಳು ಅವಳೇ. ಮುಖ್ಯೋಪಾಧ್ಯಾಯಿನಿ, ಶಿಕ್ಷಕರು, ಕಿವಿಯ ಡಾಕ್ಟರು, ಹೆತ್ತವರು ಎಲ್ಲರೂ ಬಂದು ಮಣಿ ಹಾಕಿದರು. ಮಕ್ಕಳೂ ಹಾಕಿದರು; ಅವರಿಗೆಂದು ಬಟ್ಟಲುಗಳ ಮೇಲೆ ಚಿತ್ರ ಅಂಟಿಸಿದ್ದರು. ತಾನು ಹಾಕುವುದು ಸರಿಯಲ್ಲವೆಂದು ಅವಳು ಮಣಿ ಮುಟ್ಟಲಿಲ್ಲ. ಗಂಡನನ್ನು ಮಾತ್ರ, ಎಲ್ಲವನ್ನೂ ಬೀಗದ ಬಟ್ಟಲಿಗೇ ಸುರಿದು ಬನ್ನಿ ಎಂದು ಹೇಳಿ ಕಳಿಸಿದ್ದಳು.

ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಮಗಳು ಯಂತ್ರ ಕಳಚಿ ಜೇಬಿಗೆ ಹಾಕಿಕೊಂಡು ರಸ್ತೆ ದಾಟುವಾಗ ಬೈಕೊಂದು ಲಂಗ ಸವರಿಕೊಂಡು ಹೋಗಿತ್ತು. ಮಗುವಿಗೆ ಏನೂ ಆಗಿರಲಿಲ್ಲ. ತಾಯಿಯ ಜೀವ ಮಾತ್ರ ಅಂದಿನಿಂದ ಆ ರಸ್ತೆಯಲ್ಲೇ ನಿಂತುಬಿಟ್ಟಿತ್ತು. ಕಳಚುವುದನ್ನು ಬೀಗ ತಡೆಯದು, ಕಿವಿಯಲ್ಲಿದ್ದಾಗಲಾದರೂ ಯಂತ್ರ ಆರದಿರಲಿ ಎಂಬುದು ಅವಳ ಆಸೆ.

ಲೆಕ್ಕ ಮುಗಿದಾಗ ಬೀಗ ಗೆದ್ದಿತ್ತು. ಅವಳು ಗುರುತು ಹಾಕಿದಳು. ಸ್ವಿಚ್ಚು ಬೂದುಬಣ್ಣಕ್ಕೆ ತಿರುಗಿತು. ಎದೆಯ ಭಾರ ಇಳಿದಂತಾಯಿತು.

ಪಕ್ಕದ ಮೇಜಿನ ಪರೀಕ್ಷಕಿಯನ್ನು ಆಫೀಸಿನವರೆಲ್ಲ ಅತ್ತೆ ಎಂದೇ ಕರೆಯುತ್ತಿದ್ದರು. ಯಾರ ಕೆಲಸವನ್ನೂ ಒಂದೇ ಸಲಕ್ಕೆ ಒಪ್ಪಿದವಳಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿ ಪರದೆ ನೋಡಿದಳು.

“ಮಕ್ಕಳ ತೂಕ ಯಾಕೆ ಇಷ್ಟು ಕಮ್ಮಿ? ಊಟ ಹಾಕಲ್ವೇನೆ ಅವಕ್ಕೆ?”

ತನ್ನ ಮಗಳೂ ಆ ಗುಂಪಿನಲ್ಲಿರುವುದರಿಂದ ಪಕ್ಷಪಾತ ಮಾಡಿದಳೆಂದು ಯಾರೂ ಬೆರಳು ತೋರಿಸಬಾರದು, ಅದಕ್ಕೇ ಕಮ್ಮಿ ಇಟ್ಟೆ ಎಂದು ಅವಳು ವಿವರಿಸಿದಳು. ಮಕ್ಕಳಿಗೆ ಏನು ತಿಳಿಯುತ್ತದೆ ಎಂದೂ ಸೇರಿಸಿದಳು.

ಅತ್ತೆ ನಗಲಿಲ್ಲ. “ಬೇರೆಯವರ ಮಕ್ಕಳಾಗಿದ್ರೆ ಎಷ್ಟು ಇಡ್ತಿದ್ದೆ?”

ಅವಳು ಪರದೆಯನ್ನು ಆರಿಸಿ ಚೀಲ ಎತ್ತಿಕೊಂಡಳು.

ಸಂಜೆ ಮನೆಯಲ್ಲಿ ಎಂದಿನ ಸಂತೆ. ಮಿಕ್ಸಿ ತಿರುಗುತ್ತಿತ್ತು, ಟಿವಿ ಕಿರುಚುತ್ತಿತ್ತು, ಅದಕ್ಕೂ ಮೇಲೆ ದನಿಯೆತ್ತಿ ಗಂಡ ಫೋನಿನಲ್ಲಿ ಮಾತಾಡುತ್ತಿದ್ದ. ಮಗಳು ಊಟದ ಮೇಜಿನ ಮೂಲೆಯಲ್ಲಿ ಕುಳಿತು ಬಸ್ಸಿನ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ಹುಬ್ಬು ಗಂಟಿಕ್ಕಿತ್ತು. ತಾಯಿ ಮಿಕ್ಸಿ ನಿಲ್ಲಿಸಿ ಬಂದು ಎದುರು ಕುಳಿತಳು. ನೀನು ಯಾವ ಬಟ್ಟಲಿಗೆ ಹಾಕಿದೆ ಎಂದು ಕೇಳುವುದು ನಿಯಮದ ಪ್ರಕಾರ ತಪ್ಪು. ಆದರೂ ಕೇಳಿದಳು.

“ಸ್ವಿಚ್ಚಿಗೆ. ಎಲ್ಲಾನೂ,” ಎಂದಳು ಮಗಳು ತಲೆಯೆತ್ತದೆ.

“ಯಾಕೆ ಪುಟ್ಟಾ?”

“ಜೋರಾದ್ರೆ ನೀನು ಕಿವಿ ಮುಚ್ಕೋತೀಯ ಅಲ್ವಾ? ನಾನು ಮುಚ್ಕೊಂಡ್ರೆ ಇದು ಕುಂಯ್ ಅನ್ನುತ್ತೆ. ಇನ್ನೂ ಜೋರಾಗುತ್ತೆ.” ತೋರಿಸಲೆಂದು ಅಂಗೈಯನ್ನು ಕಿವಿಗೆ ಒತ್ತಿದಳು. ಯಂತ್ರ ಸಣ್ಣಗೆ ಸಿಳ್ಳೆ ಹಾಕಿತು. “ಅದಕ್ಕೇ ಅವತ್ತು ತೆಗೆದು ಜೇಬಲ್ಲಿ ಹಾಕ್ಕೊಂಡಿದ್ದು. ಜೇಬಿಗೆ ಹಾಕಿದ್ರೆ ಮರೆತುಹೋಗುತ್ತೆ.”

ಆ ಸಿಳ್ಳೆಯನ್ನು ತಾಯಿ ಎಷ್ಟೋ ಸಲ ಕೇಳಿದ್ದಳು. ಯಂತ್ರ ಸರಿಯಾಗಿ ಕೂತಿಲ್ಲವೆಂದು ಗದರಿಸಿ ಒತ್ತಿ ಕೂರಿಸಿದ್ದಳು. ಪಾಪದ ಕೂಸು ಕಿವಿ ಮುಚ್ಚಿಕೊಳ್ಳಲು ನೋಡುತ್ತಿದೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಎದ್ದುಹೋಗಿ ಟಿವಿ ಆರಿಸಿದಳು. ಗಂಡ ಫೋನು ಹಿಡಿದೇ ಬಾಲ್ಕನಿಗೆ ನಡೆದ.

ಮರುದಿನ ಅವಳು ಮೇಲಧಿಕಾರಿಯ ಬಳಿ ಹೋಗಿ, ತೂಕ ಇಟ್ಟದ್ದು ನ್ಯಾಯದಿಂದಲ್ಲ, ಹೆದರಿಕೆಯಿಂದ, ಈ ಕೆಲಸ ಬೇರೆಯವರು ಮಾಡಲಿ ಎಂದಳು. ಅದು ಅತ್ತೆಯ ಪಾಲಿಗೆ ಬಂತು. ದಿನವಿಡೀ ಯಂತ್ರ ಯಾರ ಕಿವಿಯಲ್ಲಿ ಕೂತಿರುತ್ತದೋ ಅವರ ತೂಕವೇ ಹೆಚ್ಚು ಎಂದು ಅತ್ತೆ ಹೊಸದಾಗಿ ಲೆಕ್ಕ ಹಾಕಿದಳು. ಸ್ವಿಚ್ಚು ಗೆದ್ದಿತು.

ಶಾಲೆಯ ಸಭೆಯಲ್ಲಿ ಹೆತ್ತವರು ಗುಜುಗುಜು ಎಂದರು. ರಸ್ತೆಯ ಮಾತು ತೆಗೆದವರಿಗೆ ಉತ್ತರ ಕೊಡಲು ಅವಳೇ ಎದ್ದು ನಿಂತಳು. ಆ ಭಯ ತನಗೂ ಇದೆ, ಹೋಗಿಲ್ಲ ಎಂದಷ್ಟೇ ಹೇಳಿ, ಮಗಳು ಮಾಡಿ ತೋರಿಸಿದಂತೆ ಅಂಗೈಯನ್ನು ಜೊತೆಗೆ ತಂದಿದ್ದ ಯಂತ್ರಕ್ಕೆ ಒತ್ತಿ ಸಿಳ್ಳೆ ಕೇಳಿಸಿದಳು. ಗೇಟು ದಾಟುವ ಮೊದಲು ಹಚ್ಚಿಕೊಳ್ಳುವುದನ್ನು ತಾವು ಕಲಿಸುತ್ತೇವೆ, ಅದು ಯಂತ್ರದ ಕೆಲಸವಲ್ಲ, ತಮ್ಮದು ಎಂದರು ಮುಖ್ಯೋಪಾಧ್ಯಾಯಿನಿ.

ಹೊಸ ಯಂತ್ರ ಬಂದ ಭಾನುವಾರ ಅವಳು ಮಗಳನ್ನು ಸೋಫಾದ ಮೇಲೆ ಕೂರಿಸಿಕೊಂಡು ಪಾಠ ಶುರುಮಾಡಿದಳು. ಬೀದಿಯಲ್ಲಿ ಆರಿಸಬಾರದು, ಮೆಟ್ಟಿಲ ಮೇಲೆ ಆರಿಸಬಾರದು, ಒಬ್ಬಳೇ ಇದ್ದಾಗಂತೂ... ಮಗಳ ಬೆರಳು ಕಿವಿಯ ಹಿಂದೆ ಹೋಗಿ ಬಂತು. ಮುಖ ಹಗುರಾಯಿತು. ಬಣ್ಣದ ಪೆನ್ಸಿಲ್ ಎತ್ತಿಕೊಂಡು ತಾಯಿಯ ತೋಳಿಗೆ ಒರಗಿ ಚಿತ್ರಕ್ಕೆ ಕುಳಿತಳು.

ತಾಯಿ ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು. ಹೇಳುವುದು ಇನ್ನೂ ಬೆಟ್ಟದಷ್ಟಿತ್ತು. ಭುಜ ತಟ್ಟಿ ಕರೆಯಲು ಕೈ ಎತ್ತಿದಳು, ಹಾಗೇ ಕೆಳಗಿಳಿಸಿದಳು. ಪೆನ್ಸಿಲ್ ಕಾಗದದ ಮೇಲೆ ಉಜ್ಜುವ ಸದ್ದು ಅವಳೊಬ್ಬಳಿಗೇ ಕೇಳಿಸುತ್ತಿತ್ತು. ಬಸ್ಸಿನ ಕಿಟಕಿಗಳೆಲ್ಲ ಹಳದಿಯಾದವು.

ಆಮೇಲೆ ಮಗಳು ಯಂತ್ರ ಹಚ್ಚಿಕೊಂಡು ತಲೆಯೆತ್ತಿದಳು.

“ಏನಾದ್ರೂ ಹೇಳಿದ್ಯಾ ಅಮ್ಮಾ?”

“ಇಲ್ಲ. ಕಾಯ್ತಿದ್ದೆ.”