ಬಾರಿಸದ ಹಲಗೆಗೆ ಒತ್ತಿದ ಹೆಬ್ಬೆಟ್ಟು

ಊರಿನ ಹೆಸರು ಬೇಡ. ಬ್ಯಾಡಗಿಯಿಂದ ನಡೆದರೆ ಒಂದು ತಾಸಿನ ದಾರಿ ಎಂದರೆ ಸಾಕು. ಹೆಸರು ಹೇಳಿದರೆ ಆ ಊರಿನವರು ಮುನಿಸಿಕೊಂಡಾರು. ಹೇಳದಿದ್ದರೆ ಹತ್ತು ಊರಿನವರು ‘ಇದು ನಮ್ಮೂರ ಕಥಿ’ ಎಂದುಕೊಂಡು ಕೊನೆಯವರೆಗೆ ಕೇಳುತ್ತಾರೆ. ನಮಗೂ ಅದೇ ಬೇಕು.

1996ರ ಮಾತು. ಮೆಣಸಿನಕಾಯಿ ಸುಗ್ಗಿಯ ಕಾಲ. ಆ ಊರಿನ ಕೆಳಗಿನ ಓಣಿಯ ನಳಕ್ಕೆ ಐದು ತಿಂಗಳಿಂದ ನೀರಿರಲಿಲ್ಲ. ಪೈಪು ಒಡೆದಿರಲಿಲ್ಲ, ಮೋಟಾರೂ ಸುಟ್ಟಿರಲಿಲ್ಲ. ಓಣಿಯ ಹನ್ನೊಂದು ಮನೆಯವರು ‘ಗ್ರಾಮಸಭೆ ಯಾವಾಗ ಕರೆಯುತ್ತೀರಿ?’ ಎಂದು ಅರ್ಜಿ ಕೊಟ್ಟಿದ್ದರು. ಪಂಚಾಯಿತಿ ಅಧ್ಯಕ್ಷ ಸಿದ್ದಲಿಂಗಪ್ಪ ಮರುದಿನವೇ ಅವರ ನೀರು ಕಟ್ಟಿಸಿದ. ಆ ಓಣಿಯವರು ಮೇಲಿನ ಕಚೇರಿಗೆ ಹೋದರು. ಅಲ್ಲಿನ ಸಾಹೇಬರು ಕಡತ ತೆರೆದು ನೋಡಿ, ‘ನೀರು ಕಟ್ಟಬೇಕೆಂದು ಗ್ರಾಮಸಭೆಯೇ ಠರಾವು ಮಾಡಿದೆ, ಎಲ್ಲ ಸರಿಯಾಗಿದೆ’ ಎಂದರು. ಪೊಲೀಸರು ‘ಇದು ಪಂಚಾಯಿತಿ ವ್ಯವಹಾರ’ ಎಂದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಆದರೆ ಊರಲ್ಲಿ ಗ್ರಾಮಸಭೆ ನಡೆದಿದ್ದನ್ನು ಯಾರೂ ನೋಡಿರಲಿಲ್ಲ. ಪುಸ್ತಕದಲ್ಲಿ ಮಾತ್ರ ಮೂರು ಸಭೆ ಮುಗಿದಿದ್ದವು. ಅದು ಹೇಗೆಂದು ಗೊತ್ತಿದ್ದವನು ಹೊಳಿಯಪ್ಪ.

ಹೊಳಿಯಪ್ಪ ಊರಿನ ಡಂಗುರದವನು. ಸಭೆ ಇರಲಿ, ದನದ ಕಾಲುಬಾಯಿ ಬೇನೆಗೆ ಚುಚ್ಚುಮದ್ದು ಇರಲಿ, ಓಣಿ ಓಣಿ ಸುತ್ತಿ ಹಲಗೆ ಬಾರಿಸಿ ಸಾರುವುದು ಅವನ ಕೆಲಸ. ಡಂಗುರ ಸಾರಿಸದೆ ಸಭೆ ನಡೆಸುವಂತಿಲ್ಲ. ಸಾರಿಸಿದ್ದಕ್ಕೆ ಪುಸ್ತಕದಲ್ಲಿ ಅವನ ಹೆಬ್ಬೆಟ್ಟು ಬೇಕು. ಆದರೆ ಎರಡು ವರ್ಷದಿಂದ ಹೊಳಿಯಪ್ಪ ಹಲಗೆಯನ್ನು ಮೊಳೆಯಿಂದ ಕೆಳಗಿಳಿಸದೆ ಹೆಬ್ಬೆಟ್ಟು ಒತ್ತುತ್ತಿದ್ದ. ಕಾರ್ಯದರ್ಶಿ ಚಹಾ ತರಿಸುತ್ತಿದ್ದರು, ಪುಸ್ತಕ ಮುಂದಿಡುತ್ತಿದ್ದರು, ಇವನು ಪಂಚಾಯಿತಿ ಚಾವಡಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ಒತ್ತಿ ಬರುತ್ತಿದ್ದ. ದೊಡ್ಡವರು ಹೇಳಿದ್ದಾರೆ, ಊರ ಉಸಾಬರಿ ನಮಗೇಕೆ ಎಂಬುದು ಅವನ ಲೆಕ್ಕಾಚಾರ. ಅವನೇನು ಕೆಟ್ಟವನಲ್ಲ. ನಮ್ಮ ನಿಮ್ಮಂಥವನೇ.

ಆ ಶುಕ್ರವಾರವೂ ಹಾಗೇ ಒತ್ತಿ ಬಂದ. ಅಂದು ಅವನ ಮುಖ ಅರಳಿತ್ತು.

“ಏ ನೀಲಗಂಗಾ, ಬಾಯಿ ಸಿಹಿ ಮಾಡ. ಸರಕಾರ ಕೊಡೋ ಮನಿ ಜಾಗದ ಪಟ್ಟಿಯೊಳಗ ನಮ್ಮ ಹೆಸರು ಬರಾಕತ್ತೈತಿ! ಸೋಮವಾರದ ಸಭಿಯೊಳಗ ಪಾಸ್ ಆಗತೈತಂತ.”

ಹೆಂಡತಿ ನೀಲಗಂಗವ್ವ ಆಗಷ್ಟೇ ಬ್ಯಾಡಗಿಯಿಂದ ಬಂದಿದ್ದಳು. ದಿನವಿಡೀ ಮೆಣಸಿನಕಾಯಿ ತೊಟ್ಟು ಮುರಿದ ಕೈಗಳು ಬೆಂಕಿಯಂತೆ ಉರಿಯುತ್ತಿದ್ದವು. ಮಜ್ಜಿಗೆಯ ಬೋಗುಣಿಯಲ್ಲಿ ಕೈ ಅದ್ದಿಕೊಂಡೇ ನಕ್ಕಳು. ಅವರ ಮನೆಯ ಮಾಡು ಮೂರು ಮಳೆಗಾಲದಿಂದ ಸೋರುತ್ತಿತ್ತು, ನಗದೆ ಇರುವುದುಂಟೇ? ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: “ಅಲ್ಲಾ, ಪಟ್ಟಿ ಹೋದ ವರ್ಷನ ತುಂಬಿತ್ತಲ್ಲ? ಯಾರ ಹೆಸರು ತಗದಾರ?”

“ಅದನ್ನ ಕಟಗೊಂಡು ನಮಗೇನ ಮಾಡೂದೈತಿ?” ಎಂದ ಹೊಳಿಯಪ್ಪ. ಆದರೆ ಹೆಂಡತಿಯ ಕಡೆ ನೋಡಲಿಲ್ಲ.

ಉತ್ತರ ತಾನಾಗಿಯೇ ಬಾಗಿಲಿಗೆ ಬಂತು. ಕೆಳಗಿನ ಓಣಿಯ ದೌಲತಬಿ. ನೀಲಗಂಗವ್ವನ ಜೊತೆಗೇ ತೊಟ್ಟು ಮುರಿಯುವವಳು. ಸಾಕ್ಷರತಾ ವರ್ಗಕ್ಕೆ ಹೋಗಿ ಓದಲು ಕಲಿತಿದ್ದಳು. ಕಲಿತದ್ದೇ ತಡ, ಗೋಡೆಯ ಮೇಲೆ ಏನು ಕಂಡರೂ ಓದದೆ ಬಿಡುತ್ತಿರಲಿಲ್ಲ.

“ಅಣ್ಣಾ, ಪಂಚಾಯತಿಯ ಬಾಗಲ ಹಿಂದ ಒಂದು ಚೀಟಿ ಹಚ್ಯಾರ. ಹೊರಗಲ್ಲ, ಬಾಗಲ ಹಿಂದ! ಸೋಮವಾರ ಗ್ರಾಮಸಭಿ ಐತಂತ. ನಮ್ಮ ಹನ್ನೊಂದು ಮನಿ ಹೆಸರು ಜಾಗದ ಪಟ್ಟಿಯಿಂದ ತಗೀತಾರಂತ. ನೀ ಡಂಗುರ ಸಾರೀಯೇನು? ನನಗರ ಕೇಳಿಸಿಲ್ಲ.”

ಹೊಳಿಯಪ್ಪ ತಲೆ ತಗ್ಗಿಸಿದ. ಅವನ ಹೆಬ್ಬೆರಳಿಗೆ ಶಾಯಿ ಇನ್ನೂ ಹಾಗೇ ಇತ್ತು. ದೌಲತಬಿ ಅದನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ನಾ ಒತ್ತಲಿಲ್ಲಂದ್ರ ಇನ್ನೊಬ್ಬನ್ನ ಹುಡಕ್ತಾರವ್ವಾ” ಎಂದ ಅವನು. “ಸಿದ್ದಲಿಂಗಪ್ಪಗ ಎದುರು ಆಡಿ ಈ ಊರಾಗ ಬಾಳೇ ಮಾಡಾಕ ಆಗತೈತೇನ? ಮ್ಯಾಲಿನ ಸಾಹೇಬ್ರ ಸುಮ್ಮನದಾರ. ನಾ ಯಾವ ಗಿಡದ ತೊಪ್ಪಲಾ?”

ದೌಲತಬಿ ಹೊಸ್ತಿಲ ಮೇಲೆ ಕೂತಳು. “ಅಣ್ಣಾ, ಸಾಹೇಬ್ರು ಯಾಕ ಸುಮ್ಮನದಾರ? ಪುಸ್ತಕದಾಗ ಎಲ್ಲಾ ಬರೋಬ್ಬರಿ ಐತಿ ಅಂತ. ಪುಸ್ತಕ ಯಾಕ ಬರೋಬ್ಬರಿ ಐತಿ? ನಿನ್ನ ಹೆಬ್ಬೆಟ್ಟು ಐತಿ, ಅದರ ಕೆಳಗ ಹಾಜರಿ ಅಂತ ಊರವರ ಹೆಬ್ಬೆಟ್ಟು ಅದಾವು. ಸಿದ್ದಲಿಂಗಪ್ಪ ಒಬ್ಬಾಂವ ಎಷ್ಟು ದೊಡ್ಡಾಂವ? ನಮ್ಮ ಬೆರಳು ನಾವ ಕೊಟ್ಟು ದೊಡ್ಡಾಂವನ್ನ ಮಾಡೇವಿ. ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆ ಸಭಿ ಆಗಬೇಕು. ಯಾರಿಗೆ ಜಾಗಾ ಅಂತ ಊರ ಮುಂದ ಹೇಳಬೇಕು. ಅದು ಅವನ ಮನಿ ಹಕ್ಕಲ್ಲ, ನಮ್ಮದು.” ಎದ್ದು ನಿಂತು, “ನಿನ್ನ ಮನಿ ಸೋರೂದು ನನಗ ಗೊತ್ತೈತಿ. ನಿನಗ ಜಾಗಾ ಸಿಗಬಾರದು ಅಂತ ನಾ ಅನ್ನಂಗಿಲ್ಲ” ಎಂದು ಹೇಳಿ ಹೋದಳು.

ಅಂದು ರಾತ್ರಿ ರೊಟ್ಟಿಗೆ ಕೂತಾಗ ನೀಲಗಂಗವ್ವ ಹೇಳಿದಳು: “ನಮ್ಮ ಮಾಲಾ ಕೂಸಿದ್ದಾಗಿನ ಮಾತು ನೆನಪೈತೇನ?”

ಅದನ್ನು ಅವನು ಹೇಗೆ ಮರೆತಾನು? ತೊಟ್ಟು ಮುರಿಯುವ ಹೆಂಗಸರಲ್ಲಿ ಒಂದು ಪದ್ಧತಿ ಉಂಟು. ಖಾರದ ಕೈಯಿಂದ ಕೂಸು ಮುಟ್ಟಿದರೆ ಕೂಸಿನ ಮೈ, ಕಣ್ಣು ಉರಿದು ಹೋಗುತ್ತವೆ. ಅದಕ್ಕೆ ದಿನಕ್ಕೊಬ್ಬಳು ಕೆಲಸ ಮುಟ್ಟದೆ, ಕೂಲಿ ಬಿಟ್ಟು, ಎಲ್ಲರ ಕೂಸುಗಳನ್ನೂ ಎತ್ತಿಕೊಳ್ಳುತ್ತಾಳೆ. ಮಾಲಾಳಿಗೆ ದಡಾರ ಎದ್ದ ವಾರ, ಅಂಟುಬೇನೆಯ ಕೂಸೆಂದು ಯಾರೂ ಮುಂದೆ ಬರಲಿಲ್ಲ. ಅಂದು ದೌಲತಬಿ ಆರು ದಿನ ಕೂಲಿ ಬಿಟ್ಟು ಆ ಕೂಸನ್ನು ಮಡಿಲಿನಿಂದ ಕೆಳಗಿಳಿಸಲಿಲ್ಲ. ಮಾಲಾ ಈಗ ಐದನೇ ಇಯತ್ತೆ ಓದುತ್ತಿದ್ದಳು.

“ಆಕಿ ಹೆಸರು ಹೊಡದು ನಮ್ಮ ಹೆಸರು ಬರಸ್ಕೊಂಡು, ಆ ಮನಿಯಾಗ ನನ್ನ ಮಗಳನ್ನ ಮಲಗಿಸಲೇನ?” ಎಂದಳು ನೀಲಗಂಗವ್ವ.

“ಒತ್ತಿ ಬಂದೇನಲ್ಲ! ಒತ್ತಿದ ಹೆಬ್ಬೆಟ್ಟು ಅಳಸಾಕ ಬರತೈತೇನ?”

“ಅಳಸಾಕ ಬರೂದಿಲ್ಲ. ಖರೇ ಮಾಡಾಕ ಬರತೈತಿ. ಹಲಗಿ ಬಾರಿಸೇನಿ ಅಂತ ಒತ್ತೀ ಹೌದಲ್ಲೊ? ಬಾರಸು.”

ಹೊಳಿಯಪ್ಪನಿಗೆ ಇಷ್ಟು ಸರಳವಾದ ಮಾತು ತನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಎರಡು ದಿನ ಆ ಹೆದರಿಕೆ ಅವನನ್ನು ಬಿಡಲಿಲ್ಲ. ಜಾಗ ಹೋಗುತ್ತದೆ, ಕೆಲಸ ಹೋಗುತ್ತದೆ, ನಾಳೆ ನಮ್ಮ ನೀರನ್ನೂ ಕಟ್ಟುತ್ತಾನೆ. ಆದರೆ ಹೆಬ್ಬೆರಳಿನ ಶಾಯಿ ಎಷ್ಟು ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿದೇ ಇತ್ತು.

ಸೋಮವಾರ ಕೋಳಿ ಕೂಗುವ ಹೊತ್ತಿಗೆ ಎದ್ದು ಹಲಗೆ ಇಳಿಸಿದ. ಎರಡು ವರ್ಷ ಮೊಳೆಯಲ್ಲಿ ನೇತಾಡಿದ ಚರ್ಮ ಜೋತು ಬಿದ್ದಿತ್ತು. ಕಾಸಿದರೆ ಮಾತ್ರ ಬಿಗಿಯಾಗುತ್ತದೆ. ನೀಲಗಂಗವ್ವ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಬೆಂಕಿಗೆ ಹಾಕಿದಳು. ಅದು ನೋಡಿದರೆ ಮೆಣಸಿನಕಾಯಿ ತೊಟ್ಟಿನ ಬುಟ್ಟಿ! ಘಾಟು ಎದ್ದು ಇಡೀ ಓಣಿ ಕೆಮ್ಮುತ್ತ, ಸೀನುತ್ತ, ಬೈಯುತ್ತ ಹೊರಗೆ ಬಂತು. ಹಲಗೆ ಬಾರಿಸುವ ಮೊದಲೇ ಅರ್ಧ ಡಂಗುರ ಆಗಿಹೋಯಿತು.

“ಕೇಳ್ರಪೋ ಕೇಳ್ರಿ! ಇವತ್ತ ಹತ್ತ ಗಂಟೇಕ ಚಾವಡಿ ಮುಂದ ಗ್ರಾಮಸಭಿ ಐತಿ! ಮನಿ ಜಾಗದ ಪಟ್ಟಿ ಓದ್ತಾರ! ಎಲ್ಲಾರೂ ಬರ್ರಿ, ಹೆಣ್ಣಮಕ್ಕಳೂ ಬರ್ರಿ!”

ಹತ್ತು ಗಂಟೆಗೆ ಜನ ಬಂದರು. ಬ್ಯಾಡಗಿಗೆ ಹೊರಟಿದ್ದ ಹೆಂಗಸರು ಕೂಲಿ ಬಿಟ್ಟು ತಿರುಗಿ ಬಂದರು. ಆದರೆ ಯಾರೂ ಚಾವಡಿಯ ಹತ್ತಿರ ಸುಳಿಯಲಿಲ್ಲ. ಬೇವಿನ ಮರದ ಕೆಳಗೆ ಒಬ್ಬರ ಹಿಂದೊಬ್ಬರು ನಿಂತರು. ಸಿದ್ದಲಿಂಗಪ್ಪ ಮೋಟಾರು ಸೈಕಲ್ಲಿನಿಂದ ಇಳಿದವನೇ ಗುಡುಗಿದ.

“ಯಾರು ಕರದ್ರು ನಿಮ್ಮನ್ನ? ಯಾರಿಗೂ ಕೆಲಸಿಲ್ಲೇನ?”

ಹಿಂದಿನ ಸಾಲಿನಲ್ಲಿ ಇಬ್ಬರು ಮೆಲ್ಲಗೆ ಜಾರಿಕೊಂಡರು. ಹೊಳಿಯಪ್ಪ ಜಾರಿಕೊಂಡವರನ್ನು ನೋಡಿದ, ದೌಲತಬಿಯನ್ನು ನೋಡಿದ. ಹಲಗೆ ಹಿಡಿದುಕೊಂಡೇ ಮುಂದೆ ಬಂದು, ಎಂದೂ ಹತ್ತದ ಚಾವಡಿಯ ಮೇಲಿನ ಮೆಟ್ಟಿಲು ಹತ್ತಿ ನಿಂತ.

“ನೀವ ಕರದೀರ್ರಿ, ಅಧ್ಯಕ್ಷರ. ಡಂಗುರ ಸಾರೇನಿ ಅಂತ ಶುಕ್ರವಾರನ ಪುಸ್ತಕದಾಗ ಹೆಬ್ಬೆಟ್ಟು ಒತ್ತಿಸಿಕೊಂಡೀರಿ. ಬಾರಸೂದೊಂದು ಉಳದಿತ್ತು. ಇವತ್ತ ಬಾರಿಸೇನಿ.”

“ಸಭಿ ಗಿಭಿ ಏನಿಲ್ಲ! ಎಲ್ಲಾರೂ ಮನಿಗೆ ನಡೀರಿ!”

ಆಗ ಮುದುಕ ನಾಗಪ್ಪ ಕೆಮ್ಮಿದ. ಬೆಳಗಿನ ಘಾಟು ಅವನ ಗಂಟಲಿನಿಂದ ಇನ್ನೂ ಹೋಗಿರಲಿಲ್ಲ. “ಹೋಗತೀವಪಾ. ಸಭಿ ಆಗಲಿಲ್ಲ ಅಂತ ಪುಸ್ತಕದಾಗ ಒಂದ್ ಸಾಲು ಬರೀರಿ. ನಾವೆಲ್ಲಾ ಸಹಿ ಮಾಡಿ ಹೋಗತೀವಿ.”

ಕಾರ್ಯದರ್ಶಿ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. ಪುಸ್ತಕದಲ್ಲಿ ಅಂದಿನ ಸಭೆಯ ಠರಾವನ್ನು ಆಗಲೇ ಬರೆದು ಮುಗಿಸಿದ್ದರು, ಪಾಪ.

ಸಿದ್ದಲಿಂಗಪ್ಪ ದನಿ ತಗ್ಗಿಸಿ, “ಹೊಳಿಯಾ, ನಿನಗ ಜಾಗಾ ಬ್ಯಾಡಾತೇನ?” ಎಂದ.

ಹೊಳಿಯಪ್ಪ ದನಿ ತಗ್ಗಿಸಲಿಲ್ಲ. “ಬೇಕ್ರಿ! ಭಾಳ ಬೇಕಾಗೇತ್ರಿ, ನನ್ನ ಮನಿ ಸೋರತೈತಿ. ಆದ್ರ ದೌಲತಬಿ ಹೆಸರು ಹೊಡದು ನನ್ನ ಮಾಡ ಮುಚ್ಚೂದು ಬ್ಯಾಡ್ರಿ. ನನ್ನ ಪಾಳಿ ಬಂದಾಗ ಊರ ಮುಂದ ಹೇಳಿ ಕೊಡ್ರಿ.”

ದೌಲತಬಿ ಮುಂದೆ ಬಂದು ಪುಸ್ತಕ ಕೇಳಿದಳು. ಕಾರ್ಯದರ್ಶಿ ಅಧ್ಯಕ್ಷನ ಮುಖ ನೋಡಿದರು, ಎದುರಿನ ಜನರನ್ನು ನೋಡಿದರು, ಕೊಟ್ಟುಬಿಟ್ಟರು. ಅವಳು ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ, ಹಿಂದಿನ ಸಭೆಯ ಠರಾವನ್ನು ತಾರೀಖು ಸಮೇತ ಓದಿದಳು. ಕೆಳಗಿನ ಓಣಿಯ ನೀರು ನಿಲ್ಲಿಸಲು ಒಪ್ಪಿ ಹಾಜರಿದ್ದವರು: ಸಕೀನಾಬಿ, ಸುಶೀಲವ್ವ, ದೌಲತಬಿ...

“ಅಯ್ಯ ಶಿವನ!” ಎಂದಳು ಸುಶೀಲವ್ವ. “ನನ್ನ ನೀರು ನಾನ ಕಟ್ಟಸ್ಕೊಂಡೇನೇನ? ನನಗ ಹುಚ್ಚು ಯಾವಾಗ ಹಿಡದಿತ್ತ?”

“ಆವತ್ತ ನಾವು ಮೂರೂ ಮಂದಿ ಬ್ಯಾಡಗಿಯಾಗ ತೊಟ್ಟು ಮುರಿಯಾಕತ್ತಿದ್ವಿ” ಎಂದಳು ದೌಲತಬಿ. “ನನ್ನ ಹೆಬ್ಬೆಟ್ಟು ಒಂದ ಹೆಂಗ ನಡಕೊಂಡು ಬಂತೋ ಅಲ್ಲಾನ ಬಲ್ಲ.”

ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಸಿದ್ದಲಿಂಗಪ್ಪನ ಎದುರು ಆ ಊರು ನಕ್ಕಿದ್ದು ಅದೇ ಮೊದಲು. ನಕ್ಕ ಮೇಲೆ ಜನ ಬೇವಿನ ಮರ ಬಿಟ್ಟು ಚಾವಡಿಯ ಮುಂದೆ ಬಂದು ನೆಲದ ಮೇಲೆ ಕೂತರು. ಅಂದು ಯಾರೂ ಕಲ್ಲೆಸೆಯಲಿಲ್ಲ, ಯಾರ ಮೈಮೇಲೂ ಕೈ ಮಾಡಲಿಲ್ಲ. ಹನ್ನೊಂದು ಹೆಸರೂ ಪಟ್ಟಿಯಲ್ಲಿ ಉಳಿಯಬೇಕು, ನೀರು ಬಿಡಬೇಕು ಎಂದು ಕೈ ಎತ್ತಿದರು, ಮೊದಲೇ ಬರೆದಿಟ್ಟಿದ್ದ ಠರಾವು ಹೊಡೆದು ಹಾಕಿಸಿ ಹೊಸದು ಬರೆಸಿದರು, ಬರೆದದ್ದನ್ನು ಓದಿಸಿ ಕೇಳಿದರು, ಸಹಿ ಮಾಡಿದರು. ಮುಂದೆ ಯಾರೂ ಏನೂ ಸೇರಿಸದಂತೆ ಕೊನೆಯ ಸಹಿಯ ಕೆಳಗೆ ನಾಗಪ್ಪ ಗೆರೆ ಎಳೆಸಿದ. ನಕಲು ಮೇಲಿನ ಕಚೇರಿಗೆ ಹೋಯಿತು. ಈ ಸಲ ಸಾಹೇಬರಿಗೆ ‘ಎಲ್ಲ ಸರಿಯಾಗಿದೆ’ ಎನ್ನಲು ಆಗಲಿಲ್ಲ. ಹದಿನೈದು ದಿನಕ್ಕೆ ಕೆಳಗಿನ ಓಣಿಗೆ ನೀರು ಬಂತು.

ಎಲ್ಲವೂ ಸುಖವಾಗಿ ಮುಗಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಸಿದ್ದಲಿಂಗಪ್ಪ ಅವಧಿ ಮುಗಿಯುವವರೆಗೂ ಅಧ್ಯಕ್ಷನಾಗಿಯೇ ಇದ್ದ. ಹೊಳಿಯಪ್ಪನ ಡಂಗುರದ ಸಂಬಳ ನಾಲ್ಕು ತಿಂಗಳು ನಿಂತಿತು. ಆದರೆ ಆ ನಾಲ್ಕು ತಿಂಗಳು ಅವನ ಮನೆಯಲ್ಲಿ ಒಲೆ ಆರಲಿಲ್ಲ. ಓಣಿಗೊಂದು ಮನೆಯಿಂದ ಜೋಳ ಬಂತು. ಕೆಳಗಿನ ಓಣಿಯ ಹೆಂಗಸರು ಮಳೆಗೆ ಮೊದಲೇ ಬಂದು ಅವನ ಮಾಡಿಗೆ ಹೊಸ ಹುಲ್ಲು ಹೊದಿಸಿದರು. ಹೊಳಿಯಪ್ಪ ‘ಯಾಕ್ರವಾ ಇಷ್ಟು’ ಎನ್ನುತ್ತ ಕಣ್ಣೊರೆಸಿಕೊಂಡ. ಒಂದು ಬಾರಿಸಿದ ಹಲಗೆಗೆ ಊರು ಇಷ್ಟು ಕೊಡುವುದಾದರೆ, ಎರಡು ವರ್ಷ ಬಾರಿಸದೆ ಎಷ್ಟು ಕಳೆದೆನೋ ಎಂದು ಅವನಿಗೆ ಅನ್ನಿಸಿತು.

ಮರುವರ್ಷ ನಿಜವಾದ ಗ್ರಾಮಸಭೆಯಲ್ಲಿ ಹೊಸ ಪಟ್ಟಿಗೆ ಹೆಸರು ಕೇಳಿದಾಗ ಮೊದಲು ಎದ್ದವಳು ದೌಲತಬಿ.

“ಹೊಳಿಯಪ್ಪಣ್ಣನ ಹೆಸರು ಬರೀರಿ. ಕೈ ಎತ್ರಿ ಎಲ್ಲಾರೂ.”

ನೀಲಗಂಗವ್ವ ಸುತ್ತ ನೋಡಿದಳು. ತೊಟ್ಟು ಮುರಿದು ಕೆಂಪಾದ ಕೈಗಳು, ಎಲ್ಲವೂ ಮೇಲೆ. ಮಗಳು ಮಾಲಾಳನ್ನು ದೌಲತಬಿಯ ಕಡೆಗೆ ತಳ್ಳಿದಳು. ಮಾಲಾ ಹೋಗಿ ದೌಲತಬಿಯ ಪಕ್ಕದಲ್ಲಿ ಕೂತಳು.

ಅಕ್ಕಂದಿರೇ, ಅಣ್ಣಂದಿರೇ, ಹೊಳಿಯಪ್ಪನಂಥವರು, ದೌಲತಬಿಯಂಥವರು ನಿಮ್ಮೂರಲ್ಲೂ ಇದ್ದಾರೆ. ಮೊದಲು ಅವರಿಗೊಂದು ಶರಣು ಹೇಳಿ, ಅವರು ಎದ್ದು ನಿಂತಾಗ ಹಿಂದಿನಿಂದ ಜಾರಿಕೊಳ್ಳಬೇಡಿ. ಓದದ ಕಾಗದಕ್ಕೆ, ನಡೆಯದ ಸಭೆಗೆ ಹೆಬ್ಬೆಟ್ಟು ಕೊಡಬೇಡಿ. ಕೊಟ್ಟುಬಿಟ್ಟಿದ್ದರೆ, ಇನ್ನು ಮುಗಿಯಿತೆಂದು ತಲೆ ತಗ್ಗಿಸಿ ಕೂರಬೇಡಿ, ಹೊಳಿಯಪ್ಪ ಕೂರಲಿಲ್ಲ. ಕಾಯಬೇಕಾದವರು ಕಣ್ಣು ಮುಚ್ಚಿದಾಗ ಊರನ್ನು ಕಾಯಲು ಉಳಿಯುವವರು ನೀವೇ. ನಿಮ್ಮೂರಲ್ಲಿ ಗ್ರಾಮಸಭೆಯ ಹಲಗೆ ಕೇಳಿ ಎಷ್ಟು ದಿನವಾಯಿತು? ನೆನಪಾಗದಿದ್ದರೆ ನಾಳೆಯೇ ಪಂಚಾಯಿತಿಗೆ ಹೋಗಿ. ಒಬ್ಬರೇ ಬೇಡ, ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ. ಬಾಗಿಲ ಹಿಂದೆಯೂ ಒಮ್ಮೆ ನೋಡಿ.