ಮೂವತ್ತೇಳು ಡಿಸೈನ್

ಚಳ್ಳಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಗಂಗಲಕ್ಷ್ಮಿಗೆ ಮೊಳಕಾಲ್ಮುರಿನಲ್ಲಿದ್ದದ್ದು ಒಬ್ಬರೇ ಗಿರಾಕಿ, ರೇಷ್ಮೆ ಸೀರೆ ನೇಯಿಸುವ ಮುರುಗೇಂದ್ರಪ್ಪ. ಪ್ರತಿ ಶನಿವಾರ ಬಸ್ಸು ಹಿಡಿದು ಹೋಗಿ, ಅವರ ಕಂಪ್ಯೂಟರಿನ ಧೂಳು ಊದಿ, ವೈರಸ್ ತೆಗೆದು, ಸೀರೆಯ ಡಿಸೈನುಗಳನ್ನು ಸೀಡಿಗೆ ಇಳಿಸಿ ಬರುವುದು ಅವಳ ಕೆಲಸ. ಕುರಿ ಕಾಯುವ ಮನೆಯ ಹೆಣ್ಣುಮಗಳು ಯಂತ್ರ ಬಿಚ್ಚುವುದನ್ನು ನೋಡಲೆಂದೇ ಮೊದಮೊದಲು ಮಗ್ಗದವರು ಬಾಗಿಲಲ್ಲಿ ನಿಲ್ಲುತ್ತಿದ್ದರು.

2004ರ ಮೇ ತಿಂಗಳ ಒಂದು ಮಧ್ಯಾಹ್ನ ಸಿಡಿಲು ಬಡಿದು ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸುಟ್ಟುಹೋಯಿತು. ಫೋನ್ ಬಂದಾಗ ಗಂಗಲಕ್ಷ್ಮಿ ಗಾಬರಿಯಾಗಲಿಲ್ಲ. "ಸೀಡಿ ಐತಲ್ಲ ಸಾರ್, ಬರ್ತೀನಿ ಇರ್ರಿ" ಎಂದು ಹೊಸ ಡಿಸ್ಕ್ ಹಿಡಿದು ಹೊರಟಳು.

ಹಳೆಯ ಡಿಸೈನುಗಳೆಲ್ಲ ಮರಳಿ ಬಂದವು. ದೀಪಾವಳಿಯಿಂದೀಚಿನದು ಒಂದೂ ಬರಲಿಲ್ಲ. ಅಲ್ಲಿ ಡಿಸೈನ್ ಬರೆಯುವ ಹುಡುಗಿ ಸ್ವಪ್ನ ಆಗ ಹೊಸ ಫೋಲ್ಡರ್ ಮಾಡಿಕೊಂಡಿದ್ದಳು. ಗಂಗಲಕ್ಷ್ಮಿ ಆರು ತಿಂಗಳು ಹಳೆಯ ಫೋಲ್ಡರನ್ನೇ ನಕಲು ಮಾಡುತ್ತ ಬಂದಿದ್ದಳು. ಒಮ್ಮೆಯೂ ಸೀಡಿ ತೆರೆದು ನೋಡಿರಲಿಲ್ಲ. ಹೋದದ್ದು ಮೂವತ್ತೇಳು ಡಿಸೈನ್.

"ಸಿಡಿಲಿಗೆ ಯಾರೇನು ಮಾಡಾಕಾಗ್ತೈತೆ" ಎಂದರು ಮುರುಗೇಂದ್ರಪ್ಪ.

ಹೌದೆಂದು ಸುಮ್ಮನಿದ್ದುಬಿಡಬಹುದಿತ್ತು. ಗಂಗಲಕ್ಷ್ಮಿ ಸೀಡಿಯನ್ನು ಅವರ ಮುಂದಿಟ್ಟಳು. "ಸಿಡಿಲಿಂದಲ್ಲ ಸಾರ್, ತಪ್ಪು ನಂದು. ತೆಗೆದು ನೋಡ್ಬೇಕಿತ್ತು, ನೋಡಲಿಲ್ಲ."

ಅವರ ಮುಖ ಗಂಟಾಯಿತು. "ಶ್ರಾವಣದ ಮದುವೆ ಸೀರೆಗಳೆಲ್ಲ ಅದರಾಗೇ ಅದಾವಲ್ಲಮ್ಮ. ಈಗೇನ್ ಮಾಡ್ತೀಯ?"

ಮೂವತ್ತೇಳೂ ಒಮ್ಮೆಯಾದರೂ ಮಗ್ಗ ಏರಿದ್ದವು. ಹಾಗಾದರೆ ಒಂದೊಂದಕ್ಕೂ ಮಗ್ಗದ ಮೇಲೆ ಕಟ್ಟುವ, ತೂತು ಕೊರೆದ ರಟ್ಟಿನ ಕಾರ್ಡುಗಳ ಸರ ಇರಲೇಬೇಕು. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಇಲ್ಲ. ಕಂಪ್ಯೂಟರಿನೊಳಗೆ ಇದ್ದದ್ದೂ ಅದೇ ಲೆಕ್ಕ; ಬೇರೆ ಮಗ್ಗಗಳಿಗೆ ಹೊಸ ಸರ ಕೊರೆಯುವುದು ಅದರಿಂದಲೇ.

"ಕಾರ್ಡ್ ನೋಡ್ಕಂಡು ವಾಪಸ್ ಕಂಪ್ಯೂಟರಿಗೆ ಹತ್ತಿಸ್ತೀನಿ."

"ಒಂದೊಂದಕ್ಕೆ ನೂರಾರು ಕಾರ್ಡ್ ಕಣಮ್ಮ!"

"ಇರ್ಲಿ ಸಾರ್."

ಅಂಗಡಿಗೆ ಬೀಗ ಹಾಕಿ ಬಂದು, ಕಾರ್ಡು ಪೋಣಿಸುವ ಲಕ್ಷ್ಮಕ್ಕನ ಮನೆಯಲ್ಲಿ ಉಳಿದಳು. ಮುದುಕಿ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು "ತೂತು, ತೂತು, ಖಾಲಿ" ಎಂದು ಕೂಗುವುದು, ಇವಳು ಕೀ ಒತ್ತುವುದು. ದಣಿದಾಗ ಲಕ್ಷ್ಮಕ್ಕನ ಎಣಿಕೆ ತೆಲುಗಿಗೆ ಹೊರಳುತ್ತಿತ್ತು: ಒಕಟಿ, ರೆಂಡು, ಮೂಡು. ಮೂರನೆಯ ದಿನ ಒಂದು ಕಾರ್ಡು ಹಿಂದುಮುಂದಾಗಿ ಪರದೆಯ ಮೇಲೆ ನವಿಲಿನ ಕೊಕ್ಕು ಸೀಳಿಹೋಯಿತು. "ಬಿಡೇ, ಯಾರು ನೋಡ್ತಾರೆ" ಎಂದಳು ಲಕ್ಷ್ಮಕ್ಕ. ಗಂಗಲಕ್ಷ್ಮಿ ಅಳಿಸಿ ಮೊದಲಿನಿಂದ ಶುರುಮಾಡಿದಳು. ಎರಡು ಸರ ದೇವಸಮುದ್ರದ ಮಗ್ಗಕ್ಕೆ ಹೋಗಿದ್ದವು. ಹೋಗಿ ಹೊತ್ತು ತಂದಳು. ಇಲಿ ಕಡಿದ ಒಂದನ್ನು ಸ್ವಪ್ನ ಸೀರೆಯನ್ನೇ ಹರವಿಕೊಂಡು, ಎಳೆ ಎಣಿಸಿ ಬರೆದುಕೊಟ್ಟಳು.

ಇಪ್ಪತ್ತಮೂರು ದಿನಕ್ಕೆ ಮೂವತ್ತಾರು ಸಿಕ್ಕವು. ಇನ್ನೊಂದರ ಸರ ಯಾರದೋ ಒಲೆ ಸೇರಿತ್ತು. ಅದನ್ನೂ ಮುಚ್ಚಿಡದೆ ಹೇಳಿದಳು. ಮುರುಗೇಂದ್ರಪ್ಪ ಮುಂದೆ ಬಾ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಶನಿವಾರ ಅವಳೇ ಹೋದಳು. ಸೀಡಿಗೆ ಎರಡು ನಕಲು ಇಳಿಸಿ, ಒಂದನ್ನು ಚಳ್ಳಕೆರೆಯ ಅಂಗಡಿಯಲ್ಲಿಡಲೆಂದು ಚೀಲಕ್ಕೆ ಹಾಕಿದಳು. ಇನ್ನೊಂದನ್ನು ಮೂಲೆಯ ಹಳೆಯ ಕಂಪ್ಯೂಟರಿಗೆ ತೂರಿಸಿ, ಸ್ವಪ್ನಳನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೊಂದೇ ಫೈಲ್ ತೆರೆಯತೊಡಗಿದಳು.

ಮುರುಗೇಂದ್ರಪ್ಪ ಬಾಗಿಲಿಗೆ ಬಂದರು. "ಬಸ್ ಹೋಗ್ತೈತೆ ಕಣಮ್ಮ."

"ಮುಂದಿನದಕ್ಕೆ ಹೋಗ್ತೀನಿ ಸಾರ್. ಇನ್ನೂ ಹತ್ತೊಂಬತ್ತು ನೋಡೋದೈತೆ."

ಅವರು ಒಳಗೆ ತಿರುಗಿ, ಮೂರು ಲೋಟ ಚಾ ತರಲು ಹೇಳಿದರು.